ಕಲಸಿದ ಮೇಲೆ ಎಲೆಗೆ ಊರಿಲ್ಲ

ಕ್ಯೂಬಾ ದೇಶದಲ್ಲಿ 2006ರಲ್ಲಿ ಒಂದು ಸಿಗಾರು ಮಾಡಿದರು. ಸಿಗಾರು ಅಂದರೆ ಬೇರೇನಲ್ಲ, ತಂಬಾಕಿನ ಎಲೆಯನ್ನು ತಂಬಾಕಿನ ಎಲೆಯಲ್ಲೇ ಸುತ್ತಿದ ದಪ್ಪ ಚುಟ್ಟಾ. ಕೊಹಿಬಾ ಅನ್ನುವ ಬ್ರಾಂಡಿಗೆ 40 ವರ್ಷ ತುಂಬಿತೆಂದು 'ಬೆಹಿಕೆ' ಹೆಸರಿನಲ್ಲಿ ಬರೀ 4000 ಸಿಗಾರು ಸುತ್ತಿಸಿ, 40ರಂತೆ 100 ಪೆಟ್ಟಿಗೆಯಲ್ಲಿಟ್ಟು ಮಾರಿದರು. ಅಷ್ಟನ್ನೂ ಸುತ್ತಿದವರು ನೋರ್ಮಾ ಫೆರ್ನಾಂಡಿಸ್ ಎಂಬ ಒಬ್ಬರೇ ಹೆಣ್ಣುಮಗಳು. ಸಿಗಾರು ಸೇದುವ ಶ್ರೀಮಂತರಿಗೆ ಅವರ ಹೆಸರು ಗೊತ್ತು. ನಮ್ಮ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಕಟ್ಟಿ ಬೆರಳು ಸೊಟ್ಟ ಮಾಡಿಕೊಂಡ ಅಕ್ಕಂದಿರ ಹೆಸರು ಅವರು ಬೀಡಿ ಒಪ್ಪಿಸುವ ಕಾರಖಾನೆಯ ಪುಸ್ತಕ ಬಿಟ್ಟು ಬೇರೆಲ್ಲೂ ಇಲ್ಲ.

ಸಿಗಾರಿನ ಸುದ್ದಿ ನಮಗ್ಯಾಕೆ ಅಂತ ಕೇಳಬಹುದು. ಚಿಕ್ಕೋಡಿ, ನಿಪ್ಪಾಣಿ ಕಡೆ ಎರಡು ಮೂರು ಎಕರೆಯಲ್ಲಿ ಬೀಡಿ ತಂಬಾಕು ಹಾಕುವ ನಮ್ಮಂಥವರು ಸಿಗಾರು ಕಂಡಿದ್ದು ಸಿನಿಮಾದಲ್ಲಿ, ಅದೂ ಖಳನಾಯಕನ ಬಾಯಲ್ಲಿ. ಆದರೆ ಸಸಿ ಒಂದೇ ಜಾತಿಯದು. ಅದೇ ಅಂಟು, ಅದೇ ಬಗಲ ಚಿಗುರು, ಅದೇ ಕುಡಿ ಚಿವುಟುವ ಕೆಲಸ. ದೊಡ್ಡದೊಂದು ಸಿಗಾರಿಗೆ ಸುಮಾರು 15 ಗ್ರಾಂ ಎಲೆ ಹಿಡಿಯುತ್ತದೆ ಅನ್ನಿ. ಬೀಡಿಯೊಂದಕ್ಕೆ 0.2 ಗ್ರಾಂ ಹಿಡಿದರೆ, 75 ಬೀಡಿಯ ತಂಬಾಕು ಆಯಿತು. ಬೆಲೆ ಮಾತ್ರ 75 ಪಟ್ಟು ಹೆಚ್ಚಲ್ಲ, ಅದರ ಎಷ್ಟೋ ಪಟ್ಟು. ಮಣ್ಣು ಬೇರೆ, ತಳಿ ಬೇರೆ, ಒಪ್ಪೋಣ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಕಾಣುವುದು ಎಲೆ ಕಲಸುವ ರೀತಿಯಲ್ಲಿ.

ಸಿಗಾರಿನವರು ಎಲೆಯನ್ನು ಹೆಸರು ಹಿಡಿದು ಕಲಸುತ್ತಾರೆ. ಹೊರಗೆ ಸುತ್ತುವ ಎಲೆಗೆ ಒಂದು ಹೆಸರು. ಅದನ್ನು ಬಟ್ಟೆಯ ನೆರಳು ಕಟ್ಟಿ ಬೆಳೆಯುತ್ತಾರೆ, ತೂತು ಬೀಳಬಾರದು, ನರ ಉಬ್ಬಬಾರದು. ಒಳಗೆ ಬಿಗಿದು ಕಟ್ಟುವ ಎಲೆಗೆ ಇನ್ನೊಂದು ಹೆಸರು. ಹೂರಣದ ಎಲೆ ಬಿಸಿಲಲ್ಲಿ ಬೆಳೆದದ್ದು. ಅದರಲ್ಲಿ ಗಿಡದ ಬುಡದ್ದು 'ವೊಲಾಡೊ', ಸುಲಭವಾಗಿ ಉರಿಯುತ್ತದೆ. ನಡುವಿನದು 'ಸೆಕೊ', ವಾಸನೆಗೆ. ಮೇಲಿನದು 'ಲಿಗೆರೊ', ಖಾರ ಹೆಚ್ಚು, ನಿಧಾನ ಉರಿಯುತ್ತದೆ, ಎಲ್ಲಕ್ಕಿಂತ ಹೆಚ್ಚು ಕಾಲ ಮಾಗಿಸಬೇಕು. ತುತ್ತತುದಿಯ ಒಂದೆರಡು ಎಲೆಗೆ 'ಮೆದಿಯೊ ತಿಯೆಂಪೊ' ಅಂತ ಹೆಸರು. ಅದು ಎಲ್ಲ ಗಿಡದಲ್ಲೂ ಬರುವುದಿಲ್ಲ. 2010ರಲ್ಲಿ ಬೆಹಿಕೆಯನ್ನು ಮತ್ತೆ ಮಾರುಕಟ್ಟೆಗೆ ತಂದಾಗ ಈ ತುದಿ ಎಲೆ ಇದೆ ಅನ್ನುವುದನ್ನೇ ದೊಡ್ಡದು ಮಾಡಿ ಹೇಳಿ ಮಾರಿದರು. ಎರಡು ಎಲೆಯ ಮೇಲೆ ಒಂದು ದಂಧೆ!

ಅವರು 2000ನೇ ಇಸವಿಯಿಂದ ವರ್ಷವರ್ಷ 'ಸೀಮಿತ ಆವೃತ್ತಿ' ಅಂತ ಸಿಗಾರು ತೆಗೆಯುತ್ತಾರೆ. ಮೊದಲಿಗೆ ಹೊರಗಿನ ಎಲೆ ಮಾತ್ರ ಎರಡು ವರ್ಷ ಮಾಗಿರಬೇಕು ಅಂತಿತ್ತು, 2007ರಿಂದ ಒಳಗಿನ ಎಲೆಯೂ ಕನಿಷ್ಠ ಎರಡು ವರ್ಷ ಮಾಗಿರಬೇಕು ಅಂತಾಯಿತು. ಗಿರಾಕಿ ರೊಕ್ಕ ಕೊಡುವುದು ಆ ಎರಡು ವರ್ಷಕ್ಕೆ.

ಈಗ ನಮ್ಮ ರಾಶಿಗೆ ಬನ್ನಿ. ಎಲೆಯ ಮೇಲೆ ಕಂದು ಚುಕ್ಕೆ ಎದ್ದಾಗ ಹದಕ್ಕೆ ಬಂತು ಅಂತ ಗುರುತಿಸುವ ಕಣ್ಣು ನಮಗಿದೆ. ಒಣಗಿದ್ದನ್ನು ಬೆಳಗಿನ ಇಬ್ಬನಿಗೆ ಮೆತ್ತಗಾದಾಗಲೇ ಎತ್ತಬೇಕು, ಇಲ್ಲದಿದ್ದರೆ ಪುಡಿ ಅನ್ನುವುದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಬುಡದ ಮಣ್ಣೆಲೆ, ನಡುವಿನ ಎಲೆ, ತುದಿಯ ದಪ್ಪ ಎಲೆ ಎಲ್ಲ ಒಂದೇ ಒಟ್ಟು. ವ್ಯಾಪಾರಿ ಬಂದು ಕೈ ಹಾಕಿ ನಾಲ್ಕು ಎಲೆ ಹಿರಿದು ಮೂಸಿ ದರ ಹೇಳುತ್ತಾನೆ. ಅವನ ಕೈಗೆ ಬಂದದ್ದು ಮಣ್ಣೆಲೆಯಾದರೆ ಇಡೀ ರಾಶಿಗೆ ಮಣ್ಣೆಲೆಯ ದರ. ಒಳ್ಳೆ ಎಲೆ ಬಂದರೆ ಇಡೀ ರಾಶಿಗೆ ಒಳ್ಳೆಯ ದರ ಬಂದದ್ದು ನಮ್ಮೂರಲ್ಲಿ ನಾನು ನೋಡಿಲ್ಲ.

ಮುಂದೆ ವಖಾರಿಗೆ ಹೋದ ಮೇಲೆ ಏನಾಗುತ್ತದೆ? ನಾವು ಒಟ್ಟಿದ್ದನ್ನೇ ಅಲ್ಲಿ ಬಿಡಿಸುತ್ತಾರೆ! ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು, ಕೆಮ್ಮುತ್ತಾ, ಚಾಳಣಿ ಹಿಡಿದು ಜರ್ದಾ ಬೇರೆ, ದಂಟು ಬೇರೆ, ಧೂಳು ಬೇರೆ ಮಾಡುತ್ತಾರೆ. ಆಮೇಲೆ ಬೀಡಿ ಕಾರಖಾನೆಯವರು ನಿಪ್ಪಾಣಿಯ ಜರ್ದಾಕ್ಕೆ ಗುಜರಾತಿನ ಆಣಂದ, ಖೇಡಾ ಕಡೆಯ ಜರ್ದಾ ಕೂಡಿಸಿ ತಮ್ಮ ತಮ್ಮ ಬ್ರಾಂಡಿನ ರುಚಿಗೆ ತರುತ್ತಾರೆ. ಯಾವುದಕ್ಕೆ ಎಷ್ಟು ಪಾಲು ಅನ್ನುವುದು ಅವರ ಮನೆಯ ಗುಟ್ಟು. ಸೇದುವವನು ನಲವತ್ತು ವರ್ಷ ಒಂದೇ ಬ್ರಾಂಡಿಗೆ ಅಂಟಿಕೊಂಡಿರುತ್ತಾನಲ್ಲ, ಅವನು ಅಂಟಿಕೊಂಡಿರುವುದು ಈ ಕಲಸಾಟಕ್ಕೆ. ಅಂದರೆ ಬೇರೆ ಮಾಡಿ ಕಲಸುವ ವಿದ್ಯೆಗೆ ಬೀಡಿಯಲ್ಲೂ ಬೆಲೆ ಇದೆ. ನಮ್ಮ ಹೊಲದ ಬದು ದಾಟಿದ ಮೇಲೆ ಆ ಬೆಲೆ ಶುರುವಾಗುತ್ತದೆ, ಅಷ್ಟೇ. ಪಕ್ಕದ ಹೊಲದ ಕಾಕಾ ಒಬ್ಬರು ಇದನ್ನೇ ಹೇಳುತ್ತಿದ್ದರು: "ತಮ್ಮಾ, ಜರ್ದಾ ಆದ ಮ್ಯಾಲೆ ಎಲಿಗೆ ಊರೂ ಇಲ್ಲ, ಮಾಲಕನೂ ಇಲ್ಲ."

ಒಂದು ಲೆಕ್ಕ ನೀವೇ ಮಾಡಿ ನೋಡಿ. ಕಿಲೋ ಜರ್ದಾಕ್ಕೆ 0.2 ಗ್ರಾಮಿನಂತೆ 5000 ಬೀಡಿ. 25ರ ಕಟ್ಟಾದರೆ 200 ಕಟ್ಟು. ನಿಮ್ಮೂರ ಅಂಗಡಿಯಲ್ಲಿ ಕಟ್ಟಿನ ದರ ಕೇಳಿ, 200ರಿಂದ ಗುಣಿಸಿ, ಪಕ್ಕದಲ್ಲಿ ನಿಮಗೆ ಸಿಕ್ಕ ಕಿಲೋ ದರ ಬರೆಯಿರಿ. ನಡುವಿನ ರೊಕ್ಕವೆಲ್ಲ ವ್ಯಾಪಾರಿಯ ಹೊಟ್ಟೆಗೆ ಅಂತ ನಾನು ಹೇಳುವುದಿಲ್ಲ. ದಂಟು, ಧೂಳಿನ ನಷ್ಟ ಇದೆ, ಸುತ್ತುವ ಎಲೆ ಇದೆ, ಕಟ್ಟುವವರ ಮಜೂರಿ ಇದೆ (ಅದು ಇನ್ನೂ ಹೆಚ್ಚಾಗಬೇಕು), ತೆರಿಗೆ ಇದೆ, ಅಂಗಡಿಯವನ ಪಾಲಿದೆ. ಎಲ್ಲ ಕಳೆದೂ ಉಳಿಯುವ ಅಂತರವನ್ನು ನೋಡಿ ಆಮೇಲೆ ಮಾತಾಡೋಣ.

ಈ ಜಗಳ ಹೊಸದಲ್ಲ. 1981ರ ಮಾರ್ಚ್‌ನಲ್ಲಿ ಶರದ್ ಜೋಶಿಯವರ ಮುಂದಾಳತನದಲ್ಲಿ ನಮ್ಮ ಭಾಗದ ತಂಬಾಕು ಬೆಳೆಗಾರರು ನಿಪ್ಪಾಣಿಯಲ್ಲಿ ಪುಣೆ–ಬೆಂಗಳೂರು ರಸ್ತೆಯ ಮೇಲೆ ಕೂತರು. ದರಕ್ಕಾಗಿ ಕೂತರು. ಏಪ್ರಿಲ್ 6ರಂದು ಪೊಲೀಸರು ಗೋಲಿಬಾರ್ ಮಾಡಿ 12 ಮಂದಿ ರೈತರು ಸತ್ತರು. ಬಾಯಿಮಾತಿನ ದರ, ಸೂಟು ಅಂತ ಕಡಿತ, ತಿಂಗಳುಗಟ್ಟಲೆ ತಡವಾಗಿ ಬರುವ ರೊಕ್ಕ, ಚೀಟಿ ಇಲ್ಲದ ತೂಕ ಇವೇ ಆಗಿನ ತಕರಾರು. ಇವತ್ತಿಗೂ ಆ ಪಟ್ಟಿಯಿಂದ ಪೂರ್ತಿ ಹೊಡೆದು ಹಾಕುವಂಥದ್ದು ನನಗೆ ಒಂದೂ ಕಾಣುವುದಿಲ್ಲ. ನನ್ನದೇ ಎಲೆಯನ್ನು ಒಬ್ಬ ವ್ಯಾಪಾರಿ ಸಂಕ್ರಾಂತಿಗೆ ಒಂದು ದರ ಹೇಳಿ ಒಯ್ದು, ಯುಗಾದಿಗೆ ಕಡಿಮೆ ದರ ಕಟ್ಟಿ ಕೊಟ್ಟದ್ದುಂಟು. "ಮಾಲು ಹಸಿ ಇತ್ತು" ಅಂದ. ಮಾಲು ಆಗಲೇ ಕಲಸಿ ಹೋಗಿತ್ತು, ಯಾವ ಎಲೆ ತೋರಿಸಿ ವಾದ ಮಾಡಲಿ?

ಇನ್ನೊಂದು ಹಳೆಯ ಸಂಗತಿ. 1943ರಿಂದ ಬೆಳೆಗಾರನ ತಂಬಾಕಿನ ಮೇಲೇ ಅಬಕಾರಿ ಸುಂಕ ಇತ್ತು. ಇನ್ಸ್‌ಪೆಕ್ಟರ್ ಬಂದು ಹೊಲ, ಎಲೆ ಬರೆದುಕೊಂಡು ಹೋಗುತ್ತಿದ್ದ. ಅವನ ಕಾಟ ನೆನೆಸಿದರೆ ಹಿರಿಯರು ಈಗಲೂ ಹಲ್ಲು ಕಡಿಯುತ್ತಾರೆ. 1979ರ ಬಜೆಟ್ಟಿನಲ್ಲಿ ಚರಣ್ ಸಿಂಗ್ ಅದನ್ನು ತೆಗೆದು ಹಾಕಿದರು. ಕಾಟ ತಪ್ಪಿತು, ಒಳ್ಳೆಯದೇ ಆಯಿತು. ಅದರ ಜೊತೆಗೆ, ಇಂಥವನ ಇಷ್ಟು ಎಲೆ ಇಂಥಲ್ಲಿಗೆ ಹೋಯಿತು ಅನ್ನುವ ಸರ್ಕಾರಿ ಬರಹವೂ ತಪ್ಪಿತು. ಈಗ ಜಿಎಸ್‌ಟಿಯಲ್ಲಿ ರೈತನಿಂದ ಎಲೆ ಕೊಂಡ ನೋಂದಾಯಿತ ವ್ಯಾಪಾರಿಯೇ ತೆರಿಗೆ ಕಟ್ಟಬೇಕು. ಹಾಗಾದರೆ ಅವನ ಪುಸ್ತಕದಲ್ಲಿ ನಮ್ಮ ಎಲೆ ಇರಲೇಬೇಕು. ನಮ್ಮ ಕೈಯಲ್ಲಿ ಅದರ ಒಂದು ಚೀಟಿ ಯಾಕಿಲ್ಲ? 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ನೂರಕ್ಕೆ 28ರಿಂದ 18ಕ್ಕೂ, ಬೀಡಿ ಸುತ್ತುವ ಎಲೆಯ ತೆರಿಗೆಯನ್ನು 18ರಿಂದ 5ಕ್ಕೂ ಇಳಿಸಲು ಒಪ್ಪಿತು. ಬೀಡಿ ಕಾರ್ಮಿಕರ ಹೆಸರು ಹೇಳಿ ಇಳಿಸಿದ್ದು. ತಂಬಾಕು ಬೆಳೆದವನ ಹೆಸರು ಆ ಮಾತಿನಲ್ಲಿ ಎಲ್ಲೂ ಬರಲಿಲ್ಲ.

ಮೈಸೂರು ಕಡೆ ನೋಡಿ. ಹುಣಸೂರು, ಪಿರಿಯಾಪಟ್ಟಣದವರು ಬೆಳೆಯುವುದು ಸಿಗರೇಟಿನ ವರ್ಜೀನಿಯಾ. 1975ರ ಕಾಯ್ದೆಯಂತೆ ಅವರಿಗೊಂದು ತಂಬಾಕು ಮಂಡಳಿ ಇದೆ, 1984ರಿಂದ ಕರ್ನಾಟಕದಲ್ಲಿ ಬಹಿರಂಗ ಹರಾಜು ಇದೆ. ಬುಡದಿಂದ ಮೇಲಕ್ಕೆ ಎಲೆ ಮುರಿದು, ಬೇಯಿಸಿ, ಗ್ರೇಡು ಮಾಡಿ ಬೇಲು ಕಟ್ಟುತ್ತಾರೆ. ಹರಾಜು ಕಟ್ಟೆಯಲ್ಲಿ ಆ ಬೇಲು ಯಾವ ಬೆಳೆಗಾರನದು ಅನ್ನುವುದಕ್ಕೆ ನಂಬರು ಇರುತ್ತದೆ. ಅಲ್ಲೂ ಕೊಳ್ಳುವ ಕಂಪನಿ ಬೆರಳೆಣಿಕೆಯವು, ಅಲ್ಲೂ ದರ ಬಿದ್ದ ವರ್ಷ ಗೋಳಾಟ ಇದ್ದದ್ದೇ. ಆದರೂ ದರ ನಾಲ್ಕು ಜನರ ಎದುರು ಕೂಗಿ ಆಗುತ್ತದೆ. ಬೀಡಿ ತಂಬಾಕಿಗೆ ಅಂಥ ಮಂಡಳಿ ಇಲ್ಲ, ಹರಾಜು ಇಲ್ಲ. ನಿಪ್ಪಾಣಿಯಲ್ಲಿ ಬೀಡಿ ತಂಬಾಕಿನ ಸಂಶೋಧನಾ ಕೇಂದ್ರ ಮಾತ್ರ ಇದೆ. ತಳಿ ಕೊಟ್ಟಿದ್ದಾರೆ, ಉಪಕಾರ. ಮಾರುವುದು ಹೇಗೆ ಅನ್ನುವುದು ಅವರ ಇಲಾಖೆಯಲ್ಲ.

ಹೆಸರಿಗೆ ಎಷ್ಟು ಬೆಲೆ ಅನ್ನುವುದಕ್ಕೆ ತಂಬಾಕನ್ನೇ ನೋಡಬೇಕೆಂದಿಲ್ಲ. ಅಥಣಿ, ನಿಪ್ಪಾಣಿ, ರಾಯಬಾಗ ಕಡೆಯ ಸಮಗಾರರು ತಲೆತಲಾಂತರದಿಂದ ಹೊಲಿದ ಚಪ್ಪಲಿ ಕೊಲ್ಹಾಪುರಿ ಅಂತಲೇ ಮಾರಾಟವಾಯಿತು. 2019ರಲ್ಲಿ ಜಿಐ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ನಮ್ಮ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಯೂ ಕಾಗದದ ಮೇಲೆ ಬಂತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಯಾರ ಹೆಸರೂ ಹೇಳದೆ ಪ್ರದರ್ಶನಕ್ಕಿಟ್ಟಿತು. ಮಂದಿ ಬೈದರು. ಅದೇ ಡಿಸೆಂಬರಿನಲ್ಲಿ, ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ನಿಗಮದ ಜೊತೆ ಒಪ್ಪಂದ ಮಾಡಿ 2000 ಜೋಡಿಯ ಸೀಮಿತ ಆವೃತ್ತಿ ಇಲ್ಲಿಯೇ ಮಾಡಿಸುವುದಾಗಿಯೂ, ಜೋಡಿಗೆ ಸುಮಾರು 800 ಯೂರೊ ದರ ಇಡುವುದಾಗಿಯೂ ಹೇಳಿದರು. ಹೊಲಿದವನಿಗೆ ಅದರಲ್ಲಿ ಎಷ್ಟು ಅನ್ನುವುದೇ ಮುಂದಿನ ಪ್ರಶ್ನೆ. ಆ ಪ್ರಶ್ನೆ ಕೇಳಲಿಕ್ಕಾದರೂ ಜಿಐ ಪಟ್ಟಿಯಲ್ಲಿ ಊರಿನ ಹೆಸರಿತ್ತು. ರಾಯಬಾಗದ ಅರಿಸಿನ, ಅಥಣಿ–ಕಾಗವಾಡದ ಬೇದಾಣಿ ಗಡಿ ದಾಟಿ ಸಾಂಗ್ಲಿ, ತಾಸಗಾಂವ ಪೇಟೆ ಸೇರುತ್ತವೆ. ಸಾಂಗ್ಲಿ ಬೇದಾಣಿಗೆ 2016ರಲ್ಲಿ, ಸಾಂಗ್ಲಿ ಅರಿಸಿನಕ್ಕೆ 2018ರಲ್ಲಿ ಜಿಐ ಬಂತು. ನಮ್ಮದಕ್ಕೆ? ಇದನ್ನು ಆ ಬೆಳೆಯವರೇ ಬರೆದರೆ ಚೆನ್ನ.

ಕ್ಯೂಬಾದಲ್ಲಿ ಎಲ್ಲ ಸ್ವರ್ಗ ಅಂದುಕೊಳ್ಳಬೇಡಿ. ಅಲ್ಲಿ ರೈತ ತನ್ನ ಎಲೆಯ ಬಹುಪಾಲನ್ನು ಸರ್ಕಾರಕ್ಕೇ, ಸರ್ಕಾರ ಹೇಳಿದ ದರಕ್ಕೇ ಕೊಡಬೇಕು. ಆದರೆ ಪಿನಾರ್ ದೆಲ್ ರಿಯೊ ಸೀಮೆಯಲ್ಲಿ ಅಲೆಹಾಂದ್ರೊ ರೊಬೈನಾ ಅಂತ ಒಬ್ಬ ಬೆಳೆಗಾರರಿದ್ದರು. ಅವರ ಮನೆತನ 1845ರಿಂದ ಅದೇ ಹೊಲದಲ್ಲಿ ತಂಬಾಕು ಬೆಳೆದದ್ದು. ಹೊದಿಕೆಯ ಎಲೆ ಬೆಳೆಯುವುದರಲ್ಲಿ ಅವರದು ಎತ್ತಿದ ಕೈ. 1997ರಲ್ಲಿ ಸರ್ಕಾರಿ ಕಂಪನಿಯೇ 'ವೇಗಾಸ್ ರೊಬೈನಾ' ಅಂತ ಅವರ ಹೆಸರಿನ ಸಿಗಾರು ತಂದಿತು. 2010ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಹೊಲ ನೋಡಲು ದೇಶದೇಶದಿಂದ ಮಂದಿ ಬರುತ್ತಿದ್ದರು. ನಮ್ಮಲ್ಲಿ ಬೀಡಿ ಕಟ್ಟಿನ ಮೇಲೆ ಮಾಲಕರ ಫೋಟೋ ಇರುತ್ತದೆ, ಹುಲಿ, ಗಡಿಯಾರ, ದೂರವಾಣಿ ಇರುತ್ತದೆ. 2016ರಿಂದ ನೂರಕ್ಕೆ 85ರಷ್ಟು ಜಾಗ ಕ್ಯಾನ್ಸರಿನ ಚಿತ್ರಕ್ಕೆ ಹೋಯಿತು, ಹೋಗಬೇಕಾದ್ದೇ. ಉಳಿದ 15ರಲ್ಲಿ ಬೆಳೆದವನ ಊರು ಬರೆದ ಬೀಡಿ ಒಂದನ್ನೂ ನಾನು ಕಂಡಿಲ್ಲ.

ತಂಬಾಕು ಬಿಡಿ ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಭಾರತ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದಲ್ಲಿ ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕು ಅಂತಲೂ ಇದೆ. ನೀರು ಬಂದ ಕಡೆ ಎಷ್ಟೋ ಮಂದಿ ಆಗಲೇ ಕಬ್ಬಿಗೆ ಹೋದರು. ವೇದಗಂಗಾ, ದೂಧಗಂಗಾ ಸೀಮೆಯ ಮಳೆಯಾಶ್ರಿತ ಕರಿಮಣ್ಣಿನಲ್ಲಿ ಹಸಿ ಆರುವುದರೊಳಗೆ ಕೈಗೆ ರೊಕ್ಕ ಕೊಡುವ ಬೆಳೆ ಅಂತ ಇದನ್ನು ಹಿಡಿದುಕೊಂಡವರು ಉಳಿದಿದ್ದಾರೆ. ಅವರು ಬಿಡುವ ದಿನ ಬರಬಹುದು. ಬಿಡುವವರೆಗೆ ಅರ್ಧ ದರಕ್ಕೆ ಕೊಡಬೇಕು ಅಂತ ಯಾವ ಒಪ್ಪಂದದಲ್ಲಿದೆ?

ಈ ಹಂಗಾಮಿಗೆ ನನ್ನ ಸೂಚನೆ ಸಣ್ಣದು. ಒಂದೂರಿನ ಹತ್ತು ಹನ್ನೆರಡು ಮನೆಯವರು ಕೂಡಿ ಬುಡ, ನಡು, ತುದಿ ಅಂತ ಮೂರು ರಾಶಿ ಹಾಕೋಣ. ಇದಕ್ಕೆ ಹೆಣ್ಣಾಳಿನ ಪಗಾರ ಹೆಚ್ಚು ಬೀಳುತ್ತದೆ, ನಿಜ. ಅದಕ್ಕೇ ಮೊದಲು ಹತ್ತು ಗುಂಟೆಯ ಎಲೆಯಲ್ಲಿ ಮಾಡಿ ನೋಡಿ. ಪ್ರತಿ ರಾಶಿಯ ಒಂದು ಸೂಡನ್ನು ವ್ಯಾಪಾರಿಯ ಸಹಿ ಹಾಕಿಸಿ ನಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಕು, ಆಮೇಲೆ "ಹಸಿ ಇತ್ತು" ಅಂದರೆ ತೋರಿಸಲಿಕ್ಕೆ. ತೂಕ ನಮ್ಮೆದುರೇ ಆಗಬೇಕು, ದರ ಚೀಟಿಯಲ್ಲಿ ಬರಬೇಕು. ಒಬ್ಬನೇ ಕೇಳಿದರೆ "ನಿನ್ನ ಎಲಿ ನೀನೇ ಇಟ್ಕೋ" ಅಂತಾನೆ. ಹನ್ನೆರಡು ಮನೆ ಕೇಳಿದರೆ ಹಾಗೆ ಅನ್ನುವುದು ಅವನಿಗೆ ಅಷ್ಟು ಸಲೀಸಲ್ಲ. ರೊಕ್ಕದ ಅವಸರಕ್ಕೆ ರಾಶಿ ಕೊಟ್ಟುಬಿಡುವ ಮನೆಗಳಿಗೆ ಸೊಸೈಟಿಯವರು ಎಲೆಯ ಮೇಲೆ ಅಡವು ಸಾಲ ಕೊಡುವುದನ್ನು ಯೋಚಿಸಬೇಕು. ಎರಡು ವರ್ಷ ಬೇಡ, ಎರಡು ತಿಂಗಳು ತಡೆಯುವ ಶಕ್ತಿ ಸಿಕ್ಕರೆ ಸಾಕು.

ಮೂರು ರಾಶಿ ಮಾಡಿದವರು ಯಾವುದಕ್ಕೆ ಎಷ್ಟು ದರ ಬಂತು, ಆಳಿನ ಖರ್ಚು ಎಷ್ಟು ಹೆಚ್ಚಾಯಿತು ಅನ್ನುವುದನ್ನು ಪತ್ರಿಕೆಗೆ ಬರೆಯಿರಿ. ಚೀಟಿಯ ಝೆರಾಕ್ಸ್ ಇದ್ದರೆ ಜೊತೆಗೆ ಕಳಿಸಿ. ನಷ್ಟ ಆದವರೂ ಬರೆಯಿರಿ.