ಚಪ್ಪಾಳೆಯ ನಡುವೆ ಒಂದು ಮೊಣಕಾಲು

ಅಮೇರಿಕನ್ ಫುಟ್ಬಾಲಿನಲ್ಲಿ ಚೆಂಡೆಸೆದು ತಂಡವನ್ನು ಮುನ್ನಡೆಸುವವನೇ ಕ್ವಾರ್ಟರ್‌ಬ್ಯಾಕ್. 2012ರ ಹೊಸಬರ ಆಯ್ಕೆಯಲ್ಲಿ ಎರಡನೆಯವನಾಗಿ ವಾಷಿಂಗ್ಟನ್ ತಂಡ ಸೇರಿದ ರಾಬರ್ಟ್ ಗ್ರಿಫಿನ್ ಮೊದಲ ವರ್ಷವೇ ಮನೆಮಾತಾದ. ಡಿಸೆಂಬರಿನಲ್ಲಿ ಮೊಣಕಾಲಿಗೆ ಏಟಾಯಿತು. ಒಂದೇ ಪಂದ್ಯ ಬಿಟ್ಟು ಮತ್ತೆ ಕಣಕ್ಕಿಳಿದ. 2013ರ ಜನವರಿಯ ಪಂದ್ಯದಲ್ಲಿ ಕುಂಟುತ್ತಿದ್ದರೂ ‘ಆಡಬಲ್ಲೆ’ ಎಂದ, ತರಬೇತುದಾರರೂ ಒಪ್ಪಿದರು. ಕೊನೆಗೆ ಕಾಲು ಮೈದಾನದಲ್ಲೇ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯ ಬಳಿಕ ಹಳೆಯ ಮಿಂಚು ಮರಳಲಿಲ್ಲ. 2015ರಲ್ಲಿ ಆತ ಒಂದು ಪಂದ್ಯವನ್ನೂ ಆಡಲಿಲ್ಲ. ಅದೇ ಆಯ್ಕೆಯಲ್ಲಿ 102ನೆಯವನಾಗಿ ಬಂದಿದ್ದ ಕರ್ಕ್ ಕಸಿನ್ಸ್ ಅವನ ಜಾಗದಲ್ಲಿದ್ದ.

ಓದುಗರೇ, ಪ್ರತಿಭೆಗೆ ಕೊರತೆಯಿರಲಿಲ್ಲ. ‘ಇವತ್ತಿಗೆ ಸಾಕು ಮಗನೇ, ಕುಳಿತುಕೋ’ ಎನ್ನುವ ಮಾತು ಬೇಕಿತ್ತು. ಊರೆಲ್ಲ ಹೊಗಳುವ ಮಗು ನಿಮ್ಮ ಮನೆಯಲ್ಲೂ ಇರಬಹುದು. ‘ನನಗೇನೂ ಆಗಿಲ್ಲ’ ಎಂದು ಅದು ಹೇಳಿದಾಗ, ಮಾತನ್ನಷ್ಟೇ ಕೇಳಬೇಡಿ; ನಡಿಗೆಯನ್ನೂ ನೋಡಿ.