ಯಂತ್ರದ ಅಳಿದ ಹೆಸರು

ಗಣಕಯಂತ್ರವು ಮೇಲೇಳದೆ ಹೋದಾಗ ಅದರ ಮೂಲ ತಂತ್ರಾಂಶವಾದ ಬಯಾಸನ್ನು ಚಿಪ್ಪಿಗೆ ಹೊಸದಾಗಿ ಬರೆಯಿಸಿ ಸರಿಪಡಿಸುವುದುಂಟು. ಯಂತ್ರವೇನೋ ಜೀವ ತಳೆಯುತ್ತದೆ. ಕೆಲವೊಮ್ಮೆ ಜಾಲದ ಸಂಪರ್ಕ ಮಾತ್ರ ಬಾರದು. ಜಾಲದ ಅಂಗವೇ ಸತ್ತಿತೆಂದು ಬಗೆದು ಹೊಸ ಮದರ್‌ಬೋರ್ಡು ಕೊಳ್ಳಲು ಹೊರಡುವ ಗೃಹಸ್ಥರು, ವಿದ್ಯಾರ್ಥಿಗಳು ಒಂದು ಗಳಿಗೆ ತಾಳಬೇಕೆಂದು ನಮ್ಮ ಅರಿಕೆ. ಬಹುಶಃ ಅಳಿದುಹೋಗಿರುವುದು ಆ ಅಂಗದ ಹೆಸರು.

ಜಾಲಕ್ಕೆ ಸೇರುವ ಯಂತ್ರಾಂಗಕ್ಕೆ ಮ್ಯಾಕ್ ವಿಳಾಸವೆಂಬ ೪೮ ಬಿಟ್‌ಗಳ ಗುರುತಿದೆ. ೧೯೮೦ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಕಂಪನಿಗಳು ಕೂಡಿ ಪ್ರಕಟಿಸಿದ ಈಥರ್‌ನೆಟ್ ನಿಯಮಾವಳಿಯಲ್ಲಿಯೇ ಈ ಅಳತೆ ಇತ್ತು. ಹನ್ನೆರಡು ಅಂಕಿ-ಅಕ್ಷರಗಳ ಈ ವಿಳಾಸದ ಪೂರ್ವಾರ್ಧವನ್ನು ಸಾಮಾನ್ಯವಾಗಿ ಐಇಇಇ ಸಂಸ್ಥೆಯು ತಯಾರಕರಿಗೆ ಹಂಚುತ್ತದೆ. ಉತ್ತರಾರ್ಧವನ್ನು ತಯಾರಕರು ಒಂದೊಂದಕ್ಕೆ ಬೇರೆಬೇರೆಯಾಗಿ ಇಡುತ್ತಾರೆ. ಮನೆತನದ ಹೆಸರೊಂದು, ಸ್ವಂತದ ಹೆಸರೊಂದು ಎನ್ನೋಣ. ಒಂದು ಮನೆತನದಲ್ಲಿ ೧,೬೭,೭೭,೨೧೬ ಮಕ್ಕಳಿಗೆ ಹೆಸರಿಡಬಹುದು. ಯಾವ ಅಜ್ಜಿಗೂ ಇಷ್ಟು ಸಾಕು!

ಇಂಟೆಲ್ ಜಾಲಾಂಗವುಳ್ಳ ಅನೇಕ ಬೋರ್ಡುಗಳಲ್ಲಿ ಈ ವಿಳಾಸವು ಬಯಾಸ್ ಇರುವ ಚಿಪ್ಪಿನಲ್ಲಿಯೇ ಜಿಬಿಇ ಎಂಬ ಪ್ರತ್ಯೇಕ ಭಾಗದಲ್ಲಿ ನೆಲೆಸಿರುತ್ತದೆ. ಬಯಾಸ್ ಭಾಗವನ್ನಷ್ಟೇ ಬದಲಿಸಿದರೆ ಬಾಧೆಯಿಲ್ಲ. ಬೇರೆಡೆಯಿಂದ ತಂದ ಕಡತವನ್ನು ಇಡೀ ಚಿಪ್ಪಿಗೆ ಬರೆದರೆ ಹಳೆಯ ಹೆಸರು ನಾಶವಾಗಿ, ೮೮-೮೮-೮೮-೮೮-೮೭-೮೮ ಎಂಬಂಥ ತಾತ್ಕಾಲಿಕ ಅಂಕಿಯೋ, ಕಡತ ಹುಟ್ಟಿದ ಯಂತ್ರದ ಹೆಸರೋ ಬಂದು ಕುಳಿತುಕೊಳ್ಳುತ್ತದೆ. ಒಂದೇ ಜಾಲದಲ್ಲಿ ಎರಡು ಯಂತ್ರಗಳಿಗೆ ಒಂದೇ ಹೆಸರಾದರೆ ಅಂಚೆಯನ್ನು ಯಾರಿಗೆ ಮುಟ್ಟಿಸಬೇಕೆಂಬುದು ಸ್ವಿಚ್ಚಿಗೆ ತಿಳಿಯದು. ನೋಂದಾಯಿತ ವಿಳಾಸಗಳನ್ನಷ್ಟೇ ಒಳಗೆ ಬಿಡುವ ವಿದ್ಯಾರ್ಥಿನಿಲಯಗಳಲ್ಲಂತೂ ಬಾಗಿಲೇ ತೆರೆಯದು.

ನಿಜವಾದ ವಿಳಾಸ ಹಲವು ಬೋರ್ಡುಗಳ ಮೇಲೆ ಅಂಟಿಸಿದ ಸಣ್ಣ ಚೀಟಿಯಲ್ಲಿ ಇರುತ್ತದೆ. ಜಾಲದ ಕಿಂಡಿಯ ಬಳಿ, ಪೆಟ್ಟಿಗೆಯ ಮೇಲೆ, ಇಲ್ಲವೆ ರೂಟರಿನ ಹಳೆಯ ಪಟ್ಟಿಯಲ್ಲಿ ಹುಡುಕಬೇಕು. ದೊರೆತ ಮೇಲೆ, ಚಿಪ್ಪಿನಲ್ಲಿ ಈಗಿರುವುದನ್ನೆಲ್ಲ ಪ್ರೋಗ್ರಾಮರಿನಿಂದ ಕಡತವಾಗಿ ಓದಿಕೊಂಡು, ಜಿಬಿಇ ಭಾಗದ ಮೊದಲ ಆರು ಬೈಟುಗಳಲ್ಲಿ ಅದನ್ನು ತುಂಬಬೇಕು. ಕೆಲಸ ಅಲ್ಲಿಗೇ ನಿಲ್ಲದು. ಆ ಭಾಗದ ಮೊದಲ ೬೪ ಪದಗಳ ಮೊತ್ತವು ಹದಿನಾರರ ಎಣಿಕೆಯಲ್ಲಿ 'ಬಿಎಬಿಎ' ಆಗಲೇಬೇಕೆಂಬುದು ಇಂಟೆಲ್‌ನ ಕಟ್ಟಳೆ. ಹಾಗಾಗುವಂತೆ ಕೊನೆಯ ಪದವನ್ನು ತಿದ್ದಬೇಕು. ಮೊತ್ತ ತಪ್ಪಿದರೆ ಲಿನಕ್ಸಿನ ಚಾಲಕ ತಂತ್ರಾಂಶವು ಆ ಅಂಗವನ್ನು ಅಂಗೀಕರಿಸದು. ಈ ಭಾಗದಲ್ಲಿ ಎರಡು ಪ್ರತಿಗಳಿರುವುದರಿಂದ ಎರಡನ್ನೂ ಸರಿಪಡಿಸಿ ಚಿಪ್ಪಿಗೆ ಮರಳಿ ಬರೆಯುವುದು ಕ್ಷೇಮ.

ವಿಂಡೋಸಿನ ಒಳಗೆ ವಿಳಾಸವನ್ನು ಟೈಪು ಮಾಡಿದರಾಗದೆ ಎಂದು ಕೇಳುವವರಿದ್ದಾರೆ. ಆದೀತು, ಆದರೆ ಅದು ವಿಂಡೋಸು ಎಚ್ಚರವಿರುವಷ್ಟು ಹೊತ್ತಿನ ವೇಷ. ಚಿಪ್ಪಿನಲ್ಲಿ ಹಳೆಯ ದೋಷ ಹಾಗೆಯೇ ಉಳಿಯುತ್ತದೆ. ಚೀಟಿ ಸಿಕ್ಕದೆ ಹೊಸ ವಿಳಾಸ ಕಲ್ಪಿಸಲೇಬೇಕಾದಲ್ಲಿ ಎರಡನೆಯ ಸ್ಥಾನದಲ್ಲಿ ೨, ೬, ಎ, ಇ ಇವುಗಳಲ್ಲೊಂದನ್ನು ಇಡಬೇಕು. ಸ್ಥಳೀಯವಾಗಿ ಇಟ್ಟ ಹೆಸರೆಂಬುದಕ್ಕೆ ಅದೇ ಲಕ್ಷಣ.

ಚಿಪ್ಪಿಗೆ ಬರೆಯುವ ಮುನ್ನ ಹಳೆಯದನ್ನು ಓದಿಡದ ರಿಪೇರಿಯವರ ಆತುರ ನಮಗೆ ಸರಿತೋರದು. ಓದಿಕೊಳ್ಳಲು ಕೆಲವೇ ನಿಮಿಷ ಸಾಕು. ಎರಡು ಬಾರಿ ಓದಿಸಿ, ಎರಡೂ ಕಡತಗಳು ಒಂದೇ ಎಂದು ಹೋಲಿಸಿ ನೋಡಿ, ಒಂದನ್ನು ತಮ್ಮಲ್ಲಿಟ್ಟುಕೊಂಡೇ ಯಂತ್ರವನ್ನು ಅವರ ಕೈಗೆ ಒಪ್ಪಿಸಿರಿ.