ನರ್ಸಿಂಗ್ ವಿದ್ಯಾರ್ಥಿನಿಯ ದುಡಿಮೆಗೆ ಶಿಷ್ಯವೇತನ: ಅದು ದಾನವಲ್ಲ, ಹಕ್ಕು

ರೋಗಿಯ ಆರೈಕೆ ಪುಣ್ಯದ ಕೆಲಸವೆಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಮನೆಯ ಹಿರಿಯರು ಹಾಸಿಗೆ ಹಿಡಿದಾಗ ಬೇಸರವಿಲ್ಲದೆ ಸೇವೆ ಮಾಡುವ ಮಗಳನ್ನು, ಸೊಸೆಯನ್ನು ಊರೇ ಹೊಗಳುತ್ತದೆ. ಆದರೆ ಅದೇ ಮಗಳು ಆರೈಕೆಯನ್ನು ಒಂದು ವಿದ್ಯೆಯಾಗಿ ಕಲಿತು, ಆಸ್ಪತ್ರೆಯ ವಾರ್ಡಿನಲ್ಲಿ ಗುರುತುಪರಿಚಯವಿಲ್ಲದ ರೋಗಿಗಳ ನಡುವೆ ದಿನಕ್ಕೆ ಎಂಟು ಗಂಟೆ ನಿಂತು ದುಡಿದರೆ ಆ ದುಡಿಮೆಯ ಬೆಲೆಯೇನು? ಅದನ್ನು ತೆರಬೇಕಾದವರು ಯಾರು? ಈ ಪ್ರಶ್ನೆ ಬಂದಾಗ ಸರಕಾರವೂ ಸಮಾಜವೂ ‘ಸೇವೆ’ ಎಂಬ ಒಂದು ಮಾತನ್ನು ಮುಂದಿಟ್ಟು ಸುಮ್ಮನಾಗುತ್ತವೆ. ಆ ಮೌನದ ಭಾರವನ್ನು ಹೊರುತ್ತಿರುವವರು ಬಡ ಕುಟುಂಬಗಳು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂತಹ ಊರನ್ನು ಗಮನಿಸಿ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಆರಂಭವಾಗುವ ತಾಲ್ಲೂಕು ಅದು. ಭತ್ತ, ಗೋವಿನಜೋಳ, ಸೋಯಾ, ಹತ್ತಿ ಅಲ್ಲಿನ ಬೆಳೆಗಳು. ಎಲ್ಲಕ್ಕೂ ಮಳೆಯೇ ಆಸರೆ. ಸ್ವಂತ ಹೊಲವಿಲ್ಲದವರಿಗೆ ಕೂಲಿ, ಗೌಂಡಿ ಕೆಲಸ, ಹಮಾಲಿ, ಗ್ಯಾರೇಜು, ಸಂತೆಯ ಚಿಕ್ಕ ವ್ಯಾಪಾರ. ಇಂತಹ ಮನೆಯ ಹೆಣ್ಣುಮಗಳು ಪಿಯುಸಿ ಮುಗಿಸಿದ ಮೇಲೆ ನರ್ಸಿಂಗ್ ಕಡೆಗೆ ನೋಡುವುದು ಸಹಜ. ವೈದ್ಯಕೀಯ ಸೀಟು ಕೈಗೆಟುಕುವುದಿಲ್ಲ. ನರ್ಸಿಂಗ್ ಆದರೆ ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ಮುಗಿಸಿದೊಡನೆ ಕೆಲಸ ಸಿಗುವ ಭರವಸೆಯಿದೆ, ಗೌರವವೂ ಇದೆ. ಹೆಣ್ಣುಮಕ್ಕಳ ಓದಿಗೆ ಹಿಂಜರಿಯುವ ತಂದೆಯೂ ಈ ವಿದ್ಯೆಗೆ ಒಪ್ಪಿಗೆ ಕೊಡುವುದುಂಟು. ಶುಲ್ಕವನ್ನು ಹೇಗೋ ಹೊಂದಿಸಲಾಗುತ್ತದೆ. ನಿಜವಾದ ಬಿಕ್ಕಟ್ಟು ಎದುರಾಗುವುದು ಓದಿನ ಕೊನೆಯ ಹಂತದಲ್ಲಿ, ದಡ ಕಣ್ಣಿಗೆ ಕಾಣುವ ಹೊತ್ತಿನಲ್ಲಿ.

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಎಂಟು ಸೆಮಿಸ್ಟರ್‌ಗಳಿವೆ. ಎಂಟನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. ಅವಧಿ 22 ವಾರ, ವಾರಕ್ಕೆ 48 ಗಂಟೆ, ಒಟ್ಟು 1,056 ಗಂಟೆ. ಸಮುದಾಯ ಆರೋಗ್ಯ, ವಯಸ್ಕರ ಆರೈಕೆ, ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಪ್ರಸೂತಿ ಎಂಬ ಐದು ವಿಭಾಗಗಳಲ್ಲಿ ವಿದ್ಯಾರ್ಥಿನಿ ಸರದಿಯಂತೆ ದುಡಿಯಬೇಕು. ಜಿಎನ್‌ಎಂ ಓದುವವರಿಗೂ ಮೂರನೆಯ ವರ್ಷದ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್ ಇದೆ. ಇದಲ್ಲದೆ ಮೊದಲ ವರ್ಷದಿಂದಲೂ ‘ಪೋಸ್ಟಿಂಗ್’ ಎಂದು ಕರೆಯಲಾಗುವ ಪ್ರಾಯೋಗಿಕ ತರಬೇತಿ ನಡೆಯುತ್ತಲೇ ಇರುತ್ತದೆ.

ವಾರಕ್ಕೆ 48 ಗಂಟೆ ಎಂದರೆ ದಿನಕ್ಕೆ ಎಂಟು ಗಂಟೆಯಂತೆ ಆರು ದಿನ. ಅದು ಪೂರ್ಣಾವಧಿ ನೌಕರಿಯ ಲೆಕ್ಕ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಬದಲಾಗುತ್ತಿರುವಾಗ ಸಂಜೆ ಮಕ್ಕಳಿಗೆ ಪಾಠ ಹೇಳಿಯೋ, ಹೊಲಿಗೆ ಮಾಡಿಯೋ, ಅಂಗಡಿಯಲ್ಲಿ ಲೆಕ್ಕ ಬರೆದೋ ನಾಲ್ಕು ಕಾಸು ಸಂಪಾದಿಸುವ ದಾರಿ ಮುಚ್ಚಿಹೋಗುತ್ತದೆ. ದುಡಿಯಲು ಬಿಡುವಿಲ್ಲ, ದುಡಿದದ್ದಕ್ಕೆ ಸಂಬಳವಿಲ್ಲ.

ಅವಳು ವಾರ್ಡಿನಲ್ಲಿ ಮಾಡುವುದೇನು? ರಕ್ತದೊತ್ತಡ ನೋಡುತ್ತಾಳೆ, ಜ್ವರದ ಅಳತೆ ಬರೆಯುತ್ತಾಳೆ, ಸಲೈನ್ ಮುಗಿಯುವ ಮೊದಲು ಎಚ್ಚರಿಸುತ್ತಾಳೆ, ಗಾಯ ಸ್ವಚ್ಛಗೊಳಿಸಿ ಪಟ್ಟಿ ಕಟ್ಟುತ್ತಾಳೆ, ಏಳಲಾರದ ರೋಗಿಯನ್ನು ಮಗ್ಗುಲಿಗೆ ತಿರುಗಿಸುತ್ತಾಳೆ, ಹೆರಿಗೆಯ ಹೊತ್ತಿನಲ್ಲಿ ಹೆದರಿದ ಹುಡುಗಿಯ ಕೈ ಹಿಡಿಯುತ್ತಾಳೆ. ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಾಲ್ಕು ದಿನ ಕಳೆದವರಿಗೆಲ್ಲ ಈ ಸಮವಸ್ತ್ರದ ಮಕ್ಕಳ ಓಡಾಟ ಗೊತ್ತು. 1957ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭಗೊಂಡ ಹುಬ್ಬಳ್ಳಿಯ ಕಿಮ್ಸ್‌ಗೆ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡದಿಂದೆಲ್ಲ ರೋಗಿಗಳು ಬರುತ್ತಾರೆ. ಅಷ್ಟೊಂದು ಜನರ ಆರೈಕೆಗೆ ನೇಮಕಗೊಂಡ ಸಿಬ್ಬಂದಿಯ ಜೊತೆಗೆ ಕಲಿಯುವವರ ಕೈಗಳೂ ಬೇಕಾಗುತ್ತವೆ ಎಂಬುದನ್ನು ಒಪ್ಪಿಕೊಳ್ಳಲು ಸಂಕೋಚವೇಕೆ?

ಇನ್ನು ಖರ್ಚಿನ ಮಾತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಹಳ್ಳಿಯ ವಿದ್ಯಾರ್ಥಿನಿಯರಿಗೆ ಅದರಿಂದಾದ ಅನುಕೂಲ ದೊಡ್ಡದು. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಬಸ್ಸಿನ ವೇಳೆ ಬದಲಾಗುವುದಿಲ್ಲ. ಕಲಘಟಗಿಯಿಂದ ಹುಬ್ಬಳ್ಳಿಗೆ ಸುಮಾರು 30 ಕಿಲೋಮೀಟರ್; ಹಳ್ಳಿಯವಳಿಗೆ ಅದಕ್ಕೂ ಹೆಚ್ಚು. ಬೆಳಗಿನ ಪಾಳಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಮಧ್ಯಾಹ್ನದ ಪಾಳಿ ಮುಗಿಸಿದವಳು ಕತ್ತಲಲ್ಲಿ ಊರಿಗೆ ಮರಳುವುದು ಕಷ್ಟ. ಆದ್ದರಿಂದ ನಗರದಲ್ಲಿ ಹಾಸ್ಟೆಲ್ ಅಥವಾ ಬಾಡಿಗೆ ಕೋಣೆ ಅನಿವಾರ್ಯ. ಊಟ, ಸಮವಸ್ತ್ರ, ಬೂಟು, ರೆಕಾರ್ಡ್ ಪುಸ್ತಕ, ಪರೀಕ್ಷಾ ಶುಲ್ಕ ಇವೆಲ್ಲ ಬೇರೆ. ನರ್ಸಿಂಗ್ ಓದುವ ಗಂಡುಮಕ್ಕಳಿಗಂತೂ ಬಸ್ಸಿನ ಖರ್ಚೂ ತಪ್ಪಿದ್ದಲ್ಲ. ಈ ತಿಂಗಳುಗಳಲ್ಲೇ ತಾಯಿಯ ಕಿವಿಯೋಲೆ ಅಡವಿಗೆ ಹೋಗುವುದು, ಸ್ವಸಹಾಯ ಸಂಘದ ಸಾಲ ಬೆಳೆಯುವುದು.

ಸರಕಾರದ ನೆರವುಗಳೇ ಇಲ್ಲವೆಂದು ಹೇಳುವುದು ನ್ಯಾಯವಲ್ಲ. ವಿದ್ಯಾರ್ಥಿವೇತನಗಳಿವೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆ ವೃತ್ತಿಶಿಕ್ಷಣಕ್ಕೆ ಸಾಲ ಕೊಡುತ್ತದೆ. ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಶೈಕ್ಷಣಿಕ ಸಹಾಯಧನವಿದೆ. ಇವುಗಳಲ್ಲಿ ಸಾಲವಾಗಿ ಬಂದದ್ದನ್ನು ಮರಳಿಸಬೇಕು; ವಿದ್ಯಾರ್ಥಿವೇತನ, ಸಹಾಯಧನಗಳು ಕಲಿಕೆಯ ಖರ್ಚಿಗಾಗಿ ಇರುವಂಥವು. ದುಡಿಮೆಯ ತಿಂಗಳುಗಳಲ್ಲಿ ಬದುಕು ಸಾಗಿಸಲು ಎಲ್ಲರಿಗೂ ಖಾತರಿಯಾಗಿ ಸಿಗುವ ಭತ್ಯೆ ಇವುಗಳಲ್ಲಿ ಯಾವುದೂ ಅಲ್ಲ. ಇನ್ನೊಂದು ವಿಪರ್ಯಾಸ ನೋಡಿ. ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಯುವನಿಧಿ ಯೋಜನೆಯಡಿ ಪದವೀಧರೆಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವಳಿಗೆ 1,500 ರೂಪಾಯಿ ಎರಡು ವರ್ಷದವರೆಗೆ ದೊರೆಯುತ್ತದೆ. ಕೆಲಸವಿಲ್ಲದೆ ಕುಳಿತಾಗ ನೆನಪಾಗುವ ಅದೇ ಯುವತಿ, ವಾರಕ್ಕೆ 48 ಗಂಟೆ ದುಡಿಯುತ್ತಿದ್ದಾಗ ಸರಕಾರದ ಕಣ್ಣಿಗೆ ಬೀಳುವುದಿಲ್ಲ.

ಇದು ಕಲಿಕೆ, ಕೆಲಸವಲ್ಲ. ಕಲಿಯುವವರಿಗೆ ಸಂಬಳವೇಕೆ ಎಂದು ಕೆಲವರು ಕೇಳುತ್ತಾರೆ. ಈ ವಾದವನ್ನು ಎಲ್ಲರಿಗೂ ಒಂದೇ ರೀತಿಯಲ್ಲಿ ಅನ್ವಯಿಸಿದ್ದರೆ ಅದಕ್ಕೊಂದು ತೂಕ ಇರುತ್ತಿತ್ತು. ಎಂಬಿಬಿಎಸ್ ಮುಗಿಸುವ ಹಂತದ ಇಂಟರ್ನ್ ಕೂಡ ಕಲಿಯುವವನೇ. ಅವನಿಗೆ ಶಿಷ್ಯವೇತನ ಕೊಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿ ಹೇಳುತ್ತದೆ. ಕರ್ನಾಟಕದ ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಆ ಮೊತ್ತವನ್ನು 2020ರಲ್ಲಿ ತಿಂಗಳಿಗೆ 20,000ದಿಂದ 30,000 ರೂಪಾಯಿಗೆ ಏರಿಸಲಾಯಿತು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್, ವೆಲ್ಡರ್ ಕೆಲಸ ಕಲಿಯುವ ಐಟಿಐ ಹುಡುಗನಿಗೂ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಇದೆ. ಯಂತ್ರ ರಿಪೇರಿ ಕಲಿಯುವವನ ಬೆವರಿಗೆ ಬೆಲೆಯಿದ್ದು, ಮನುಷ್ಯರ ಆರೈಕೆ ಕಲಿಯುವವಳ ಬೆವರಿಗೆ ಇಲ್ಲವೆಂದರೆ ಅದಕ್ಕೆ ಕಾರಣ ಕಲಿಕೆಯ ಸ್ವರೂಪದಲ್ಲಿಲ್ಲ. ಆರೈಕೆಯನ್ನು ಹೆಂಗಸರ ಸಹಜ ಕರ್ತವ್ಯವೆಂದೂ, ಆದ್ದರಿಂದ ಬಿಟ್ಟಿಯಾಗಿ ಸಿಗಬೇಕಾದದ್ದೆಂದೂ ನೋಡುವ ಹಳೆಯ ಅಭ್ಯಾಸದಲ್ಲಿದೆ.

ನಮ್ಮ ಕುಟುಂಬಗಳಲ್ಲಿ ಕೇಳಿಬರುವ ಇನ್ನೊಂದು ಮಾತಿದೆ. ಸೇವೆಗೆ ಹಣ ಕೇಳಿದರೆ ಅದರ ಪ್ರತಿಫಲ ಕಳೆದುಹೋಗುತ್ತದೆ ಎಂಬುದು ಆ ಮಾತು. ಇಸ್ಲಾಮಿನ ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ಮದೀನಾದ ಮಸೀದಿಯ ಡೇರೆಯಲ್ಲಿ ಗಾಯಾಳುಗಳನ್ನು ನೋಡಿಕೊಂಡ ರುಫೈದಾ(ರ), ಪ್ರವಾದಿ(ಸ)ಯವರೊಂದಿಗೆ ಏಳು ಯುದ್ಧಗಳಿಗೆ ಹೋಗಿ ಅಡುಗೆ, ಆರೈಕೆಗಳ ಹೊಣೆ ಹೊತ್ತ ಉಮ್ಮು ಅತಿಯ್ಯಾ(ರ) ಇವರ ಹೆಸರುಗಳು ನಮಗೆ ತಿಳಿದಿವೆ. ಇಂತಹ ಮಹಿಳೆಯರಿಗೆ ಏನು ಸಿಗುತ್ತಿತ್ತು ಎಂಬ ಪ್ರಶ್ನೆಗೆ ಇಬ್ನು ಅಬ್ಬಾಸ್(ರ) ಕೊಟ್ಟ ಉತ್ತರ ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ. ಅದರ ಸಾರಾಂಶ ಇಷ್ಟು: ಯೋಧರಂತೆ ನಿಗದಿತ ಪಾಲು ಅವರಿಗಿರಲಿಲ್ಲ, ಆದರೆ ಯುದ್ಧದಲ್ಲಿ ದೊರೆತ ಸೊತ್ತಿನಿಂದ ಅವರಿಗೂ ಕೊಡಲಾಗುತ್ತಿತ್ತು. ಅವರ ಸೇವೆಯನ್ನು ಗೌರವಿಸಿದ ಸಮಾಜ ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಇಂದಿನ ಶಿಷ್ಯವೇತನದ ಕಲ್ಪನೆಯೂ ಇದಕ್ಕೆ ಹತ್ತಿರವಾದದ್ದೇ. ನೇಮಕಗೊಂಡ ಶುಶ್ರೂಷಾಧಿಕಾರಿಯ ಪೂರ್ಣ ಸಂಬಳವನ್ನು ವಿದ್ಯಾರ್ಥಿನಿ ಕೇಳುತ್ತಿಲ್ಲ. ದುಡಿದ ತಿಂಗಳುಗಳಲ್ಲಿ ಸಾಲವಿಲ್ಲದೆ ಉಣ್ಣುವಷ್ಟು ಕೇಳುತ್ತಿದ್ದಾಳೆ. ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳಾದ ನಾವು ಈ ಬೇಡಿಕೆಯನ್ನು ದುರಾಸೆಯೆಂದು ಕಾಣಬಾರದು.

ಬೇರೆಡೆ ಏನಾಗಿದೆಯೆಂದು ನೋಡೋಣ. ದಿಲ್ಲಿ ಸರಕಾರ ನರ್ಸಿಂಗ್ ಇಂಟರ್ನ್‌ಗಳಿಗೆ ತಿಂಗಳಿಗೆ ಕೇವಲ 500 ರೂಪಾಯಿ ಕೊಡುತ್ತಿತ್ತು. 2025ರಲ್ಲಿ ಅದನ್ನು 13,150 ರೂಪಾಯಿಗೆ ಏರಿಸಿತು. ಆಸ್ಟ್ರೇಲಿಯಾದಲ್ಲಿ 2025ರ ಜುಲೈ 1ರಿಂದ ಶಿಕ್ಷಕ ತರಬೇತಿ, ನರ್ಸಿಂಗ್, ಪ್ರಸೂತಿ ಶುಶ್ರೂಷೆ ಮತ್ತು ಸಮಾಜಕಾರ್ಯ ಓದುವವರಿಗೆ ಕಡ್ಡಾಯ ಪ್ರಾಯೋಗಿಕ ತರಬೇತಿಯ ವಾರಗಳಿಗೆ ಸರಕಾರವೇ ಭತ್ಯೆ ಕೊಡುತ್ತಿದೆ. ಯೋಜನೆ ಪ್ರಕಟವಾದಾಗ ಹೇಳಿದ ಮೊತ್ತ ವಾರಕ್ಕೆ 319.50 ಡಾಲರ್. ಅದು ಎಲ್ಲರಿಗೂ ಅಲ್ಲ, ಆದಾಯ ನೋಡಿ ಅಗತ್ಯವಿರುವವರಿಗೆ. ಇಂಗ್ಲೆಂಡಿನ ಅನುಭವ ಎಚ್ಚರಿಕೆಯ ಪಾಠ. ಅಲ್ಲಿ 2017ರಿಂದ ಹೊಸ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಹಾಯಧನ ನಿಲ್ಲಿಸಿ ಸಾಲ ಮಾಡಲು ಹೇಳಲಾಯಿತು. ಅರ್ಜಿಗಳು ಗಣನೀಯವಾಗಿ ಇಳಿದವು. ಕೊನೆಗೆ 2020ರ ಸೆಪ್ಟೆಂಬರಿನಿಂದ ವರ್ಷಕ್ಕೆ ಕನಿಷ್ಠ 5,000 ಪೌಂಡ್ ನೆರವನ್ನು ಮರುಪಾವತಿಯ ಷರತ್ತಿಲ್ಲದೆ ಮತ್ತೆ ಆರಂಭಿಸಬೇಕಾಯಿತು. ಶ್ರೀಮಂತ ದೇಶದಲ್ಲೇ ಹೀಗಾದರೆ ಕಲಘಟಗಿಯ ಕೂಲಿಕಾರನ ಮಗಳ ಪಾಡೇನು?

ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳು ಬಹಳ, ಹೊರರಾಜ್ಯಗಳಿಂದ ಬಂದು ಓದುವವರೂ ಬಹಳ, ಎಲ್ಲರಿಗೂ ಕೊಡಲು ಖಜಾನೆಗೆ ಶಕ್ತಿಯಿಲ್ಲ ಎಂಬ ಆಕ್ಷೇಪದಲ್ಲಿ ಅರ್ಥವಿದೆ. ಅದಕ್ಕೆ ಉತ್ತರ ಹಂತಹಂತವಾಗಿ ಆರಂಭಿಸುವುದು. ಮೊದಲ ಹಂತದಲ್ಲಿ ರಾಜ್ಯದ ಬಡ ಕುಟುಂಬಗಳಿಂದ ಬಂದು ಸರಕಾರಿ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಟರ್ನ್‌ಶಿಪ್ ಮಾಡುವವರಿಗೆ, ಅವರ ಕಾಲೇಜು ಸರಕಾರಿಯಾಗಿರಲಿ ಖಾಸಗಿಯಾಗಿರಲಿ, ಶಿಷ್ಯವೇತನ ಸಿಗಲಿ. ಮೊತ್ತ ಎಷ್ಟು? ನರೇಗಾದಲ್ಲಿ 2025-26ನೇ ಸಾಲಿಗೆ ಕರ್ನಾಟಕದ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. 22 ವಾರಗಳ 132 ದಿನಗಳಿಗೆ ಆ ಲೆಕ್ಕದಲ್ಲಿ 48,840 ರೂಪಾಯಿ ಆಗುತ್ತದೆ. ಕೆರೆಯ ಹೂಳೆತ್ತುವ ತಾಯಿಗೆ ಸರಕಾರ ಕೊಡುವ ಕೂಲಿಯಷ್ಟಾದರೂ ರೋಗಿಯ ಗಾಯ ತೊಳೆಯುವ ಮಗಳಿಗೆ ಸಿಗಬೇಕೆನ್ನುವುದು ಹೆಚ್ಚಿನ ಬೇಡಿಕೆಯೇ?

ಜೊತೆಗೆ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಹಣ ಕಾಲೇಜಿನ ಮೂಲಕ ಹೋಗದೆ ನೇರವಾಗಿ ವಿದ್ಯಾರ್ಥಿನಿಯ ಬ್ಯಾಂಕ್ ಖಾತೆಗೆ ಬರಬೇಕು. ಇಲ್ಲವಾದರೆ ಅದು ಇನ್ನೊಂದು ಹೆಸರಿನ ಶುಲ್ಕವಾಗಿ ಕರಗಿಹೋದೀತು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಇರುವಾಗ ಇದಕ್ಕೆ ಹೊಸ ವ್ಯವಸ್ಥೆಯ ಅಗತ್ಯವೂ ಇಲ್ಲ. ಎರಡನೆಯದು, ಸ್ವಂತ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳನ್ನು ದುಡಿಸಿಕೊಂಡು ರೋಗಿಗಳಿಂದ ಹಣ ಪಡೆಯುವ ಖಾಸಗಿ ಸಂಸ್ಥೆಗಳು ತಮ್ಮ ಶಿಷ್ಯವೇತನದ ಹೊಣೆಯನ್ನು ತಾವೇ ಹೊರಬೇಕು. ಅವರ ಭಾರವನ್ನು ಜನರ ತೆರಿಗೆಯ ಮೇಲೆ ಹಾಕಬಾರದು. ಮೂರನೆಯದು, ಶಿಷ್ಯವೇತನದ ಜೊತೆಗೆ ರಾತ್ರಿ ಪಾಳಿಯ ಮಕ್ಕಳಿಗೆ ಸುರಕ್ಷಿತ ವಸತಿ ದೊರೆಯಬೇಕು. ಹಳ್ಳಿಯ ತಂದೆತಾಯಿ ಮಗಳನ್ನು ಓದಿನ ನಡುವೆ ಹಿಂದಕ್ಕೆ ಕರೆಸಿಕೊಳ್ಳಲು ಹಣದ ಕೊರತೆಯಂತೆಯೇ ಈ ಭಯವೂ ಕಾರಣವಾಗುತ್ತದೆ.

ನಮ್ಮ ಜಮಾತ್‌ಗಳಿಗೂ ಇಲ್ಲಿ ಕೆಲಸವಿದೆ. ಅರ್ಹಳಾದ ವಿದ್ಯಾರ್ಥಿನಿಗೆ ಇಂಟರ್ನ್‌ಶಿಪ್ ತಿಂಗಳುಗಳಲ್ಲಿ ಝಕಾತ್ ಅಥವಾ ಸದಕಾ ನಿಧಿಯಿಂದ ನೆರವಾಗುವುದು ಇಂದೇ ಮಾಡಬಹುದಾದ ಕೆಲಸ. ಆದರೆ ಸಮುದಾಯದ ದಾನ ಸರಕಾರದ ಹೊಣೆಗೆ ಬದಲಿಯಾಗಬಾರದು. ದಾನ ಪಡೆಯುವ ಕೈ ಕೆಳಗಿರುತ್ತದೆ. ದುಡಿದು ಪಡೆಯುವ ಕೈಗೆ ಆ ಸಂಕೋಚವಿಲ್ಲ. ಸಾರ್ವಜನಿಕ ಆಸ್ಪತ್ರೆಯಲ್ಲಿ ಎಲ್ಲ ಜಾತಿ ಧರ್ಮಗಳ ರೋಗಿಗಳ ಸೇವೆ ಮಾಡಿದವಳಿಗೆ ಸಾರ್ವಜನಿಕ ಖಜಾನೆಯಿಂದಲೇ ಸಲ್ಲಬೇಕಾದದ್ದು ಇದು. ಈ ಬೇಡಿಕೆ ಒಂದು ಸಮುದಾಯದ್ದಾಗದೆ, ಅದೇ ವಾರ್ಡಿನಲ್ಲಿ ನಮ್ಮ ಮಗಳ ಜೊತೆ ರಾತ್ರಿ ಪಾಳಿ ಮಾಡುವ ಎಲ್ಲ ಮನೆಗಳ ಮಕ್ಕಳ ಬೇಡಿಕೆಯಾಗಿ ಹೊರಡಬೇಕು.

ಕಾಲೇಜಿಗೆ ಸೇರಿಸುವ ಮುನ್ನವೇ ಪೋಷಕರು ಕೇಳಿ ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಹಾಗೂ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆಯಿದೆಯೇ? ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ? ಅಲ್ಲಿಗೆ ಹೋಗಿಬರುವ ವ್ಯವಸ್ಥೆ ಯಾರದು? ಇಂಟರ್ನ್‌ಶಿಪ್‌ಗೆ ಶಿಷ್ಯವೇತನ ಉಂಟೇ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಕೇಳುವವರು ಹೆಚ್ಚಿದಷ್ಟೂ ಕೊಡಬೇಕಾದವರು ಎಚ್ಚರಗೊಳ್ಳುತ್ತಾರೆ.

2023ರ ಚುನಾವಣೆಯಲ್ಲಿ ಕಲಘಟಗಿ ಕ್ಷೇತ್ರದಿಂದ ಗೆದ್ದ ಸಂತೋಷ್ ಲಾಡ್ ಅವರಿಗೆ ರಾಜ್ಯದ ಕಾರ್ಮಿಕ ಖಾತೆಯೂ ಧಾರವಾಡ ಜಿಲ್ಲೆಯ ಉಸ್ತುವಾರಿಯೂ ದೊರೆತವು. ಕಾರ್ಮಿಕರ ಮಕ್ಕಳ ದುಡಿಮೆಯ ಪ್ರಶ್ನೆಯನ್ನು ಮುಂದಿಡಲು ಈ ತಾಲ್ಲೂಕಿನ ಜನರಿಗಿಂತ ಹತ್ತಿರದ ಬಾಗಿಲು ಬೇರೆಯವರಿಗಿಲ್ಲ. ದೇವಿಕೊಪ್ಪದ ಗ್ರಾಮಸಭೆಯಲ್ಲಿ ಒಂದು ನಿರ್ಣಯ, ಕಲಘಟಗಿಯ ಅಂಜುಮನ್‌ನಿಂದ ಒಂದು ಮನವಿ, ಹುಬ್ಬಳ್ಳಿ-ಧಾರವಾಡದ ನರ್ಸಿಂಗ್ ವಿದ್ಯಾರ್ಥಿಗಳ ಸಹಿಗಳು ಇವು ಜಿಲ್ಲಾಡಳಿತದ ಮೂಲಕ ವೈದ್ಯಕೀಯ ಶಿಕ್ಷಣ ಇಲಾಖೆಗೆ ತಲುಪಲಿ. ಮನವಿಯಲ್ಲಿ ಕರುಣೆಯ ಮಾತುಗಳು ಬೇಡ. 22 ವಾರ, 1,056 ಗಂಟೆ, 132 ದಿನ ಎಂಬ ಲೆಕ್ಕವನ್ನಷ್ಟೇ ಬರೆದು, ಇದರ ಕೂಲಿ ಎಲ್ಲಿ ಎಂದು ಕೇಳೋಣ.